ಹಳೇ ಫ್ರಿಜ್ಜಿಗೆ ಹೊಲಿದ ತೋಳು

ಮದ್ದೂರಿನ ಶಿವರಾಜು ಬೈಕಿನ ಬಿಡಿಭಾಗಗಳಿಗೆ ಗಾಳಿಯ ಒತ್ತಡದಿಂದ ಮರಳು ಹೊಡೆದು ತುಕ್ಕು ತೆಗೆಯುತ್ತಿದ್ದ. ಬಯಲಲ್ಲೇ ಹೊಡೆಯುತ್ತಿದ್ದುದರಿಂದ ಧೂಳು ಕುಡಿದು ಕೆಮ್ಮು ಹತ್ತಿಕೊಂಡಿತು. ಕಡೆಗೆ ಗುಜರಿಯಿಂದ ಕೆಟ್ಟ ಫ್ರಿಜ್ಜು ತಂದು, ಬಾಗಿಲಿಗೆ ಗಾಜು ಕೂರಿಸಿ, ಕೈ ತೂರಿಸಲು ಎರಡು ತೂತು ಕೊರೆದು, ಒಳಗೇ ಮರಳು ಹೊಡೆಯುವಂತೆ ಮಾಡಿಕೊಂಡ. ಆದರೂ ಆ ತೂತುಗಳಿಂದ ಧೂಳು ಹೊರಗೆ ನುಗ್ಗುತ್ತಿತ್ತು.

ಪಕ್ಕದಂಗಡಿಯಲ್ಲಿ ಬಟ್ಟೆ ಹೊಲಿಯುವ ಚಿಕ್ಕಬೋರಮ್ಮ ಬಂದು ನಿಂತಾಗ, ಧೂಳಿಗೆ ಜಗಳ ತೆಗೆಯುತ್ತಾರೆಂದೇ ಅವನು ಅಂದುಕೊಂಡ. ಅವರ ಕೈಯಲ್ಲಿ ಹಳೇ ರೈನ್‌ಕೋಟಿನಿಂದ ಹೊಲಿದ ಎರಡು ಉದ್ದನೆಯ ತೋಳುಗಳಿದ್ದವು.

"ಇವ ತೂತಿಗೆ ಅಂಟ್ಸಿ, ಒಳಿಕೆ ಕೈ ಆಕು. ನಿನ್ ಕೆಮ್ಮು ಕೇಳಕ್ಕಾಯ್ತಿಲ್ಲ ಕಣಪ್ಪ," ಎಂದರು.

ಹಾಗೇ ಮಾಡಿದಾಗ ಧೂಳು ನಿಂತಿತು. ಶಿವರಾಜು ಅವರ ಅಂಗಡಿಯೊಳಗಿನ ಹೊಲಿಗೆ ಯಂತ್ರದತ್ತ ನೋಡಿದ.

"ಅಕ್ಕ, ನಿಮ್ ಮಿಸನ್ನಿನ ಪೆಡ್ಲು ತುಕ್ಕಿಡ್ದದೆ. ಬಿಚ್ಕೊಡಿ," ಎಂದ.

ತೋಳು ಅಂಟಿಸಿದ ಮೇಲೆ ಆ ಪೆಟ್ಟಿಗೆಯಲ್ಲಿ ಮೊದಲು ತುಕ್ಕು ಬಿಟ್ಟದ್ದು ಅದೇ ಪೆಡಲು.