ಪರೀಕ್ಷೆಯ ನಡುವೆ ಒಂದು ಕೆಂಪು ಬಾಳೆಹಣ್ಣು

ಎಂ.ಎಸ್ಸಿ. ಫೈನಾನ್ಸಿಗೆ ಸೀಟು ಕೊಟ್ಟವರು ಷರತ್ತು ಹಾಕಿದ್ದರು. ತಿಂಗಳೊಳಗೆ ಆನ್‌ಲೈನ್ ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಬಿ.ಕಾಂ. ಓದಿದ ನಾನು ಮೂರು ವಾರ ಪೈಥಾನ್ ಜೊತೆ ಗುದ್ದಾಡಿದೆ. ಕೊನೆಯ ಪರೀಕ್ಷೆಯಲ್ಲಿ ಕೋಣೆಯೊಳಗೆ ನಾನೊಬ್ಬಳೇ ಇರಬೇಕಿತ್ತು. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಇನ್ನೊಂದು ಮುಖ ಕಂಡರೆ ಪರೀಕ್ಷೆ ನಿಲ್ಲುತ್ತದೆ.

ಕಲಬುರಗಿಯ ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಒಬ್ಬಳೇ ಇರಲು ಬಚ್ಚಲೊಂದೇ ಜಾಗ, ಅಲ್ಲೂ ಯಾರಾದರೂ ಬಾಗಿಲು ಬಡಿಯುತ್ತಾರೆ. ಹಾಗಾಗಿ ಕಮಲಾಪುರಕ್ಕೆ, ಅಮ್ಮನ ತಾಯಿ, ನನ್ನ ಆಯಿ ಚಂದಮ್ಮನ ಮನೆಗೆ ಹೋದೆ. ಹಗಲು ಎಲ್ಲರೂ ಬಾಳೆತೋಟದಲ್ಲಿರುತ್ತಾರೆ, ಮನೆಯಲ್ಲಿ ಆಯಿ ಮಾತ್ರ.

"ಆಯಿ, ಎರಡು ತಾಸು ಒಳಗ ಬರಬ್ಯಾಡ. ನಿನ್ನ ಮುಖ ಕಂಡ್ರ ನನ್ನ ಸೀಟು ಹೋಗ್ತದ."

"ಅಷ್ಟು ಕೆಟ್ಟ ಐತೇನ ನನ್ನ ಮುಖ?" ಎಂದಳು. ಆದರೂ ಒಪ್ಪಿದಳು.

ನಾನು ಹನ್ನೆರಡನೆಯ ಪ್ರಶ್ನೆಯಲ್ಲಿದ್ದಾಗ ಬಾಗಿಲು ತೆರೆಯಿತು. ತಲೆಯಿಂದ ಎದೆಯವರೆಗೆ ಸೆರಗು ಎಳೆದುಕೊಂಡು, ಗೋಡೆ ತಡಕಾಡುತ್ತ ಆಯಿ ಬಂದಳು. ಮುಖ ಕಾಣಬಾರದು ಎಂದಿದ್ದೆನಲ್ಲ, ಕಾಣಲಿಲ್ಲ. ಬಾಯಿ ಸಿಹಿ ಮಾಡದೆ ನನ್ನನ್ನು ಪರೀಕ್ಷೆಗೆ ಕೂಡಿಸಿದ್ದು ಅವಳಿಗೆ ಆಗಷ್ಟೇ ನೆನಪಾಗಿತ್ತು. ಸುಲಿದ ಕೆಂಪು ಬಾಳೆಹಣ್ಣನ್ನು ಮೊದಲು ನನ್ನ ಕಿವಿಗೆ, ಆಮೇಲೆ ಬಾಯಿಗೆ ಇಟ್ಟಳು.

"ಕಾಣಲಿಲ್ಲ, ಹೌದಿಲ್ಲೋ?" ಎನ್ನುತ್ತ ಸೆರಗು ತೆಗೆದಳು.

ಪರೀಕ್ಷೆ ನಿಂತಿತು. ನಾನು ಅತ್ತೆ, ಆಯಿಯ ಮೇಲೆ ಹರಿಹಾಯ್ದೆ, ಹಣ್ಣನ್ನು ಪೂರ್ತಿ ತಿಂದೆ.

ಮರುದಿನ ವಿಡಿಯೊ ವಿಚಾರಣೆ. ಒಳಗೆ ಬಂದವರೂ ಹಾಜರಿರಬೇಕೆಂದು ಇಮೇಲ್ ಬಂದಿತ್ತು. ಆಯಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕ್ಯಾಮೆರಾದ ಎದುರು ನೆಟ್ಟಗೆ ಕೂತಳು. ಉತ್ತರ ಹೇಳಿಕೊಟ್ಟಿರಾ ಎಂದು ಟೈ ಕಟ್ಟಿದ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಉತ್ತರ ಗೊತ್ತಿದ್ರ ಉತ್ತರಾನೇ ಹೇಳ್ತಿದ್ದೆ ನೋಡ್ರಿ ಸಾಹೇಬ್ರ," ಎಂದಳು ಆಯಿ. "ನಾ ಸಾಲಿ ಮೆಟ್ಲಾ ಹತ್ತಿಲ್ಲ. ನನ್ನ ಹತ್ರ ಇದ್ದದ್ದು ಹಣ್ಣು. ಅದನ್ನ ಕೊಟ್ಟೆ."

ಇಂಗ್ಲಿಷಿಗೆ ತಿರುಗಿಸುವಾಗ, ನಿನ್ನೆ ಇವಳ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಅಧಿಕಾರಿ, ಶುಕ್ರವಾರ ಮತ್ತೆ ಬರೆಯಿರಿ ಎಂದ.

ಶುಕ್ರವಾರ ನನ್ನ ಗಡುವಿನ ಕೊನೆಯ ದಿನ. ಆಯಿ ಮುಂಚೆಯೇ ಮೂರು ಹಣ್ಣು ತಿನ್ನಿಸಿ, ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಎರಡು ತಾಸಾದ ಮೇಲೆ ಪಾಸಾದೆ ಎಂದು ಒಳಗಿನಿಂದ ಕೂಗಿದೆ. ಚಿಲಕ ತೆಗೆಯುವ ಸದ್ದು ಬರಲಿಲ್ಲ.

"ಯವ್ವಾ," ಎಂದಳು ಆಯಿ ಹೊರಗಿನಿಂದ, "ಇನ್ನ ನನ್ನ ಮುಖ ತೋರಸ್ಲೇನು?"