ಹೆಚ್ಚಾದ ಒಂದು ಸಾಲು

"ಪುಟಕ್ಕೆ ಒಂದು ಸಾಲು ಹೆಚ್ಚಾಗಿದೆ, ಕಿತ್ತು ಹಾಕಿ," ಎಂದು ಮುದ್ರಣಾಲಯದ ಮಾಲೀಕ ಕರಡನ್ನು ಅವಳ ಮೇಜಿಗೆ ಎಸೆದು ಹೋದ.

ಶಾಲಾ ಮಕ್ಕಳ ಇಂಗ್ಲಿಷ್ ನಿಘಂಟಿನ ಕರಡು ತಿದ್ದುವುದು ಅವಳ ಕೆಲಸ. 'ಸ್ಟಾಂಚ್' ಎಂಬ ಪದದ ಮುಂದೆ ಎರಡು ಅರ್ಥಗಳಿದ್ದವು. ಒಂದು: ನಿಷ್ಠೆಯುಳ್ಳ, ಕಡೆತನಕ ಕೈಬಿಡದ. ಎರಡು: ಗಾಯದಿಂದ ಹರಿಯುವ ರಕ್ತವನ್ನು ತಡೆದು ನಿಲ್ಲಿಸು. ಒಂದಕ್ಕೊಂದು ತಾಳಮೇಳವಿಲ್ಲ ಎಂದುಕೊಂಡು ಎರಡನೆಯದರ ಮೇಲೆ ಕೆಂಪು ಗೆರೆ ಎಳೆದಳು.

"ಮೇಡಂ, ಅವನಿಗೆ ಹೇಳಿ, ಕಾಗದ ಮತ್ತೆ ಸೊಟ್ಟ ಕತ್ತರಿಸಿದಾನೆ," ಎಂದ ಬೈಂಡರ್.

"ಸೊಟ್ಟ ಇರೋದು ಅವನ ಕಣ್ಣು ಅಂತ ಹೇಳಿ," ಎಂದ ಕಟಿಂಗ್ ಯಂತ್ರದವನು.

ಇಬ್ಬರೂ ಷಡ್ಡಕರು. ಮಾವನ ಹಳೇ ಸೈಕಲ್ ಬೈಂಡರ್ ಪಾಲಾದ ಮೇಲೆ ಆರು ವರ್ಷದಿಂದ ನೇರ ಮಾತಿಲ್ಲ. ನಡುವೆ ಇವಳೇ ಟಪಾಲು. "ನನಗೇನು ಬೇರೆ ಕೆಲಸ ಇಲ್ವಾ?" ಎನ್ನುವಷ್ಟರಲ್ಲಿ ಚೀರಾಟ ಕೇಳಿಸಿತು.

ಹರಿತ ಮಾಡಿಸಲು ಬಿಚ್ಚಿದ್ದ ಅಲಗು ಜಾರಿ ಕಟಿಂಗ್‌ನವನ ತೋಳನ್ನು ಸೀಳಿತ್ತು. ರಕ್ತ ಚಿಲ್ಲನೆ ಚಿಮ್ಮುತ್ತಿತ್ತು. ಬೈಂಡರ್ ಹಾರಿ ಬಂದು ರಟ್ಟಿಗೆ ಹಚ್ಚುವ ಬಟ್ಟೆ ಮಡಿಸಿ ಗಾಯದ ಮೇಲೆ ಅದುಮಿ ಹಿಡಿದ.

"ಕಣ್ಣು ಮುಚ್ಚಬೇಡ್ವೋ ಕತ್ತೆ!"

ಆರು ವರ್ಷದಲ್ಲಿ ಮೊದಲ ಮಾತು.

ಮೂವರನ್ನೂ ಹೊತ್ತು ಆಸ್ಪತ್ರೆಗೆ ಹೊರಟ ಆಟೊ ಸಿಗ್ನಲ್‌ನಲ್ಲಿ ನಿಂತಿತು, ಗುಂಡಿಗೆ ಬಿದ್ದು ಎದ್ದಿತು. ಗಾಯ ಅದುಮಿದ್ದ ಬೈಂಡರ್‌ನ ಕೈ ಅಲುಗಲಿಲ್ಲ. ಇವಳು, "ಸ್ವಲ್ಪ ಹೊತ್ತು ನಾನು ಹಿಡ್ಕೊಳ್ಲಾ?" ಎಂದಳು.

"ಇರಲಿ."

"ಸೈಕಲ್ಲು... ನೀನೇ ಇಟ್ಕೊಳ್ಳೋ," ಎಂದು ಗಾಯಾಳು ತೊದಲಿದ.

"ಸುಡುಗಾಡು ಸೈಕಲ್ಲು! ಉಸಿರಾಡು ಮೊದಲು."

ಆಸ್ಪತ್ರೆಯಲ್ಲಿ ಡಾಕ್ಟರು ಗಾಯದಿಂದ ಮೇಲಕ್ಕೆ ತೋಳಿಗೆ ಪಟ್ಟಿ ಬಿಗಿದು, "ಇನ್ನು ಬಿಡಿ," ಎಂದರು. ಎರಡು ಸಲ ಹೇಳಿದರು. ಬೈಂಡರ್ ಬಿಡಲಿಲ್ಲ, ಬೆರಳುಗಳು ಬಿಡಲೊಲ್ಲವು. ನರ್ಸ್ ಒಂದೊಂದನ್ನೇ ಬಿಡಿಸಬೇಕಾಯಿತು. "ಇವರು ಒಂದು ನಿಮಿಷ ಸಡಿಲ ಬಿಟ್ಟಿದ್ರೂ ಜೀವ ಹೋಗಿರೋದು," ಎಂದರು ಡಾಕ್ಟರು. ಬಿಡಿಸಿದ ಮೇಲೂ ಆ ಕೈ ಗಾಳಿಯಲ್ಲಿ ಹಾಗೇ ಮಡಚಿಕೊಂಡಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

ಸಂಜೆ ಅವಳು ಮರಳಿದಾಗ ಕರಡು ಮೇಜಿನ ಮೇಲೇ ಇತ್ತು.

"ತೆಗೆದ್ರಾ ಆ ಸಾಲು?" ಮಾಲೀಕ ಕೇಳಿದ.

"ಬೇರೆ ಯಾವುದಾದ್ರೂ ತೆಗೀತೀನಿ ಸಾರ್."

ಹೊಡೆದುಹಾಕಿದ್ದನ್ನು ಮತ್ತೆ ಉಳಿಸಿಕೊಳ್ಳುವಾಗ ಕರಡು ತಿದ್ದುವವರು ಮಾಡುವ ಹಾಗೆ, ಕೆಂಪು ಗೆರೆ ಬಿದ್ದ ಸಾಲಿನ ಕೆಳಗೆ ಒಂದೊಂದೇ ಚುಕ್ಕಿ ಇಡುತ್ತ ಹೋದಳು. ಆಮೇಲೆ ಅಂಚಿನಲ್ಲಿ ಬರೆದಳು: ಇರಲಿ.