ಕಟಾರಿ ಐದರಾಗ ದೋಸ್ತನ್ನ ಹೊಡಿಯಾಕ ಬರಂಗಿಲ್ಲ

'ಕಟಾರಿ' ಗೇಮಿನ ಐದನೇ ಭಾಗ ಮಾಡಿದವರು ನನ್ನ ಕೈಗೆ ಸಿಕ್ಕರ ಬಿಡಂಗಿಲ್ಲ.

ಮೊದಲಿನವು ಹೆಂಗಿದ್ದವು! ಒಂದೇ ಟಿವಿ, ಎರಡು ರಿಮೋಟ್, ಎದುರಾಬದುರಾ ಕಾಳಗ. ಕಟಾರಿ ಹೊಟ್ಟ್ಯಾಗ ಹೊಕ್ಕರ ಸ್ಕ್ರೀನೆಲ್ಲಾ ಕೆಂಪು. ನಾವು ಅಫಜಲಪುರದ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್‌ಗಳು. ಯಾರ ನಡುವ ತಕರಾರು ಬಂದ್ರೂ ಬಸ್‌ಸ್ಟ್ಯಾಂಡ್ ಹಿಂದಿನ ಜಗದೇವನ ಗೇಮ್ ಅಂಗಡ್ಯಾಗ ಕುಂತು, ಆಡಿ ಮುಗಿಸೋದು ನಮ್ಮ ಪದ್ಧತಿ. ಸೋತಾವ ಸುಮ್ಮನಾಗಬೇಕು. ಮಾತು ಅಲ್ಲಿಗೇ ಖತಂ. ಮೂರನೇ ಭಾಗದಾಗ ರಕ್ತ ತೆಗೆದ್ರು. ನಾಲ್ಕರಾಗ ಕಟಾರಿಗೆ ಬಣ್ಣಬಣ್ಣದ ಹಿಡಿಕಿ ಮಾರಾಕ ಹತ್ತಿದ್ರು. ತಡಕೊಂಡ್ವಿ.

ಈ ಸಲದ ಹಂಗಾಮಿನಾಗ ನಮ್ಮನ್ನ ಕೆಲಸಕ್ಕ ಹಚ್ಚೋ ಮುಕಾದಮ ನನ್ನ ಟ್ರ್ಯಾಕ್ಟರಿನ ಕೀಲಿ ಮುಕ್ರಮನಿಗೆ ಕೊಟ್ಟ. ಮುಕ್ರಮ ನನ್ನ ಜೋಡೀನ ಸಾಲಿ ಬಿಟ್ಟ ದೋಸ್ತ. ನಾ ಸ್ಟೇರಿಂಗ್ ಮ್ಯಾಲೆ ನಿದ್ದಿ ಮಾಡ್ತೇನಿ ಅಂತ ಚಾಡಿ ಹೇಳಿದ್ದು ನೀನೇ ಅಂತ ನಾ. ಅಲ್ಲ ಅಂತ ಅವ.

"ನಡೀಲೇ, ಕಟಾರಿ ಮ್ಯಾಲೆ ಆಗಿಹೋಗ್ಲಿ. ಗೆದ್ದಾವಂದು ಟ್ರ್ಯಾಕ್ಟರ್," ಅಂದ ಮುಕ್ರಮ.

ಜಗದೇವ ಹಳೇ ಭಾಗ ಎಲ್ಲಾ ಅಳಿಸಿ ಐದನೇದು ಹಾಕಿದ್ದ. ಕುಂತ್ವಿ. ನಾ ಬೀಸಿದ ಕಟಾರಿ ಮುಕ್ರಮನ ಮೈಯಾಗಿಂದ ಗಾಳಿಯಂಗ ಹಾದುಹೋತು. ಮತ್ತ ಬೀಸಿದೆ. ಏನೂ ಇಲ್ಲ.

"ಇದರಾಗ ಇಬ್ರೂ ಒಂದೇ ಪಾರ್ಟಿ ಅದೀರಿ. ಕೂಡಿ ರಾಕ್ಷಸರನ್ನ ಹೊಡೀಬೇಕು," ಅಂದ ಜಗದೇವ.

"ರಾಕ್ಷಸರನ್ನ ತಗೊಂಡು ಏನ್ಮಾಡ್ಲಿ? ನನಗ ಇವ ಬೇಕು!"

ಮುಕ್ರಮ ನಕ್ಕ. "ಗೇಮಿಗೂ ಗೊತ್ತಾಗೇತಿ ಬಿಡಲೇ, ನಿನ್ನ ಕಡೆಯಿಂದ ಆಗಂಗಿಲ್ಲಂತ."

ರಿಮೋಟ್ ಅವನ ಹಣಿಗೆ ಬಾರಿಸಿದೆ. ಅವ ಸ್ಟೂಲ್ ಎತ್ತಿ ನನ್ನ ಪಕ್ಕೆಲುಬಿಗೆ ಹಾಕಿದ. ಕೊರಳಪಟ್ಟಿ ಹಿಡದು ಹೊರಗ ಎಳಕೊಂಡು ಬಂದೆ, ಮಣ್ಣಾಗ ಕೆಡವಿದೆ, ಎದಿ ಮ್ಯಾಲೆ ಮೊಣಕಾಲೂರಿದೆ. ಅವನ ಮೂಗು ಒಡೀತು. ಅವ ನನ್ನ ಹೆಬ್ಬಟ್ಟು ಎಲುಬಿನ ತನಕ ಕಚ್ಚಿದ. ಬಿಡಿಸಿಕೊಂಡು ಬಾಯಿ ಮ್ಯಾಲೇ ಗುದ್ದಿದೆ.

"ಸಾಕೋ, ಸಾಯ್ತಾನ!" ಜಗದೇವ ಚೀರಿದ.

ಎಲ್ಲಿ ಸಾಕು? ಹಳೇ ಗೇಮಿನಾಗ ಗಂಟಿ ಬಾರಿಸಿ ಇಬ್ಬರನ್ನೂ ಬ್ಯಾರೆ ಮಾಡ್ತಿತ್ತು. ಇಲ್ಲಿ ಯಾರು ಬಾರಿಸ್ತಾರ? ಮುಕ್ರಮನ ಕೈ ಸಡಲಾದ ಮ್ಯಾಲೂ ಎರಡು ಗುದ್ದಿದೆ.

ಅವ ಮೆಲ್ಲಕ ಎದ್ದ. ಮುರದ ಹಲ್ಲು ಉಗುಳಿದ. ಕಿಸೆಯಾಗಿನ ಕೀಲಿ ತೆಗೆದು ನನ್ನ ಮಾರಿಗೆ ಒಗೆದ.

"ಒಯ್ಯಿ. ಇವತ್ತಿನಿಂದ ನನ್ನ ಹೆಸರು ಹಿಡದು ಕರೀಬ್ಯಾಡ."

ಅಂಗಡಿ ಗ್ವಾಡಿಗೆ ಕೈ ಊರಿಕೋತ ನಡೆದ.

ನಾ ಒಳಗ ನುಗ್ಗಿ ಆ ಮಷೀನು ಕಿತ್ತು ತಂದು ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದೆ. ಜಗದೇವ ನನ್ನ ಕಪಾಳಕ್ಕ ಹೊಡದ. ಅವನನ್ನೂ ದಬ್ಬಿ ಮತ್ತ ಅಪ್ಪಳಿಸಿದೆ. ಚೂರುಚೂರಾತು.

"ಮುಕ್ರಮಾ!" ಅಂತ ಕೂಗಿದೆ.

ಅವ ತಿರುಗಿ ನೋಡಲಿಲ್ಲ.